ಕಾರ್ಡ್ ಬಾಗಬಾರದು ಅಂದರೆ ಮೊದಲು ಕಾಗದದ ಎಳೆ ನೋಡಿ

ಕಾರವಾರದ ಒಂದು ಸಣ್ಣ ಪ್ರಿಂಟಿಂಗ್ ಮತ್ತು ಬೈಂಡಿಂಗ್ ಅಂಗಡಿಯಲ್ಲಿ ನನ್ನ ಕೆಲಸ. ಮದುವೆ ಕಾಗದ, ಬಿಲ್ ಪುಸ್ತಕ, ಶಾಲೆಗಳ ರಿಜಿಸ್ಟರ್ ವರ್ಷವಿಡೀ ಇದ್ದದ್ದೇ. ಚೌತಿ ಮುಗಿಯುತ್ತಿದ್ದ ಹಾಗೆ ಇನ್ನೊಂದು ಕೆಲಸ ಶುರುವಾಗುತ್ತದೆ. ಕೈಯಲ್ಲೇ ಮಾಡುವ ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಕಾರ್ಡ್. ಇಲ್ಲಿನ ಕ್ರೈಸ್ತ ಮನೆಗಳವರು ಮುಂಬೈ, ಗಲ್ಫ್, ಕೆನಡಾದಲ್ಲಿರುವ ಮಕ್ಕಳಿಗೆ ಕಳಿಸುತ್ತಾರೆ. ಅವರಿಗೆ ಗೋದಲಿ, ನಕ್ಷತ್ರ ಇರಬೇಕು. ಅಮದಳ್ಳಿಯ ನೌಕಾನೆಲೆ ಕಾಲೊನಿಯಿಂದಲೂ ಆರ್ಡರ್ ಬರುತ್ತದೆ. ಅವರಲ್ಲಿ ಉತ್ತರದ ಬೆಟ್ಟದ ಕಡೆಯವರಿಗೆ ಹಿಮ ಬೇಕೇ ಬೇಕು.

ಆಕಾರಗಳನ್ನೆಲ್ಲ ಡೈ ಹಾಕಿ ಕತ್ತರಿಸುತ್ತೇವೆ. ತೆಳುವಾದ ಉಕ್ಕಿನ ಡೈ, ಅದರ ಅಂಚು ಹರಿತ. ಕೆಳಗೊಂದು ಪ್ಲಾಸ್ಟಿಕ್ ಪ್ಲೇಟು, ಅದರ ಮೇಲೆ ಕಾಗದ, ಕಾಗದದ ಮೇಲೆ ಡೈ ಬೋರಲು, ಮತ್ತೆ ಒಂದು ಪ್ಲೇಟು. ಹಿಡಿ ತಿರುಗಿಸಿದರೆ ಎರಡು ರೋಲರ್ ನಡುವೆ ಇಷ್ಟೂ ಒಟ್ಟಿಗೆ ಹಾದುಹೋಗುತ್ತದೆ. ಮೆಷಿನ್ ಕಲಿಯಲು ಒಂದು ಮಧ್ಯಾಹ್ನ ಸಾಕು. ಹೊಸದಾಗಿ ಶುರು ಮಾಡುವವರು ನನ್ನನ್ನು ಕೇಳುವುದೆಲ್ಲ ಯಾವ ಡೈ ಚೆನ್ನಾಗಿದೆ, ಎಲ್ಲಿ ಸಿಗುತ್ತದೆ ಅಂತ. ಯಾರೂ ಕಾಗದದ ಬಗ್ಗೆ ಕೇಳುವುದಿಲ್ಲ. ನಮ್ಮ ಕರಾವಳಿಯಲ್ಲಿ ಕಾರ್ಡ್ ಕೆಡುವುದು ಕಾಗದದಿಂದಲೇ.

ನನಗೆ ಇದನ್ನು ಕಲಿಸಿದವರು ಅಂಗಡಿಯ ಹಿರಿಯ ಬೈಂಡರ್. ನಾವೆಲ್ಲ ಅವರನ್ನು ಮಾಮ ಅಂತಲೇ ಕರೆಯುವುದು. ಹಳೆಯ ಲೆಡ್ಜರ್‌ಗಳಿಗೆ ರಟ್ಟು ಹಾಕುತ್ತ ಬಂದವರು, ಡೈ ಮೆಷಿನ್ ಮುಟ್ಟಿದವರೇ ಅಲ್ಲ. ನಾನು ಹೊಸ ಡೈ ಡಬ್ಬ ಬಿಚ್ಚುತ್ತಿದ್ದಾಗ ಹತ್ತಿರ ಬಂದು, "ಅದು ಆಮೇಲೆ ತಂಗಿ, ಮೊದಲು ಕಾಗದ ಯಾವ ಕಡೆ ಬಗ್ತದೆ ನೋಡು" ಅಂದರು. ಬುಟ್ಟಿಯಿಂದ ಒಂದು ತುಂಡು ತೆಗೆದು ಉದ್ದಕ್ಕೆ ಹರಿದರು. ಸೀಳು ಹೆಚ್ಚುಕಡಿಮೆ ನೇರ ಬಂತು. ಅದೇ ತುಂಡನ್ನು ಅಡ್ಡ ಹರಿದರು. ಸೀಳು ಒಂದು ಕಡೆಗೆ ಜಾರಿ, ಅಂಚಿನಲ್ಲಿ ಬಿಳಿ ನಾರು ಎದ್ದು ನಿಂತಿತು. ನೇರ ಹರಿದ ದಿಕ್ಕೇ ಎಳೆಯ ದಿಕ್ಕು, ಅಂದರೆ ಕಾಗದದ ನಾರು ಮಲಗಿರುವ ದಿಕ್ಕು.

ಕಾರಣ ಮಿಲ್ಲಿನಲ್ಲಿದೆ. ನಮ್ಮ ಜಿಲ್ಲೆಯ ದಾಂಡೇಲಿಯಲ್ಲೇ ದೊಡ್ಡ ಕಾಗದದ ಮಿಲ್ ಇದೆ, ಆ ಕಂಪನಿ ಹುಟ್ಟಿದ್ದು 1955ರಲ್ಲಿ. ಅಲ್ಲಾಗಲಿ ಬೇರೆಲ್ಲೇ ಆಗಲಿ, ಮೆಷಿನ್ನಿನಲ್ಲಿ ಕಾಗದ ಮಾಡುವಾಗ ನೀರಿನಂತಿರುವ ತಿರುಳನ್ನು ಓಡುವ ಜಾಲರಿಯ ಮೇಲೆ ಬಿಡುತ್ತಾರೆ. ಜಾಲರಿ ಓಡುವ ದಿಕ್ಕಿಗೇ ಹೆಚ್ಚಿನ ನಾರು ಮುಖ ಮಾಡಿ ಮಲಗುತ್ತದೆ. ನಾರು ತೇವ ಕುಡಿದರೆ ದಪ್ಪವಾಗುತ್ತದೆ, ಉದ್ದವಾಗುವುದು ತೀರಾ ಕಡಿಮೆ. ಹಾಗಾಗಿ ಹಾಳೆ ಹಿಗ್ಗುವುದು ಎಳೆಗೆ ಅಡ್ಡವಾಗಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರಲ್ಲಿ ಇದನ್ನು ಬಿಟ್ಟು ಕೆಲಸ ಮಾಡಲಿಕ್ಕೆ ಆಗುವುದಿಲ್ಲ. ಎರಡು ಪದರದ ಕಾರ್ಡಿನಲ್ಲಿ ಒಂದರ ಎಳೆ ಉದ್ದಕ್ಕೆ, ಇನ್ನೊಂದರದ್ದು ಅಡ್ಡಕ್ಕೆ ಇದ್ದರೆ ಒಂದು ಹಿಗ್ಗುವ ಕಡೆ ಇನ್ನೊಂದು ಹಿಗ್ಗುವುದಿಲ್ಲ. ಬೆಳಗಾಗುವಷ್ಟರಲ್ಲಿ ಕಾರ್ಡ್ ಹಪ್ಪಳದ ಹಾಗೆ ಎದ್ದಿರುತ್ತದೆ. ಎಲ್ಲ ಪದರದ ಎಳೆ ಒಂದೇ ಕಡೆ ಇಟ್ಟರೆ ಎಲ್ಲವೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ಇಲ್ಲಿ ಚೆನ್ನಾಗಿದ್ದ ಕಾರ್ಡು ಕೆನಡಾದ ಹೀಟರ್ ಹಾಕಿದ ಮನೆಗೆ ಹೋಗಿ ಒಣಗುವಾಗಲೂ ಇದೇ ಲೆಕ್ಕ.

ಹರಿದು ನೋಡಲು ಮನಸ್ಸಿಲ್ಲದಿದ್ದರೆ ಹಾಳೆಯನ್ನು ಮಡಚದೆ ಸುಮ್ನೆ ಬಗ್ಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆ ಸಲೀಸಾಗಿ ಬಗ್ಗುತ್ತದೋ ಆ ಮಡಿಕೆಯ ಗುಂಟ ಎಳೆ ಇದೆ. ತೆಳು ಕಾಗದದಲ್ಲಿ ಇದು ಗೊತ್ತಾಗುವುದು ಕಷ್ಟ. ಆಗ ಒಂದು ತುಂಡಿನ ಒಂದೇ ಮಗ್ಗುಲಿಗೆ ನೀರು ಸವರಿ. ಅದು ಕೊಳವೆಯಂತೆ ಸುರುಳಿಯಾಗುತ್ತದೆ, ಕೊಳವೆ ಎತ್ತ ಮುಖ ಮಾಡಿದೆಯೋ ಎಳೆಯೂ ಅತ್ತಲೇ. ಗೊತ್ತಾದ ತಕ್ಷಣ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಬಾಣ ಹಾಕಿಡಿ. ಕತ್ತರಿಸಿದ ಪ್ರತಿ ತುಂಡಿಗೂ ಬಾಣ ಬೇಕು, ಇಲ್ಲದಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಕಲಸಿಹೋಗುತ್ತದೆ.

ಮಡಿಕೆಯ ವಿಷಯ ಇನ್ನೂ ಮುಖ್ಯ. ನಮ್ಮಲ್ಲಿ ಜಾಸ್ತಿ ಹೋಗುವುದು ಮಡಚಿದ ಮೇಲೆ ಎ6 ಅಳತೆಗೆ ಬರುವ ಕಾರ್ಡ್, ಅಂದರೆ 105 × 148 ಮಿಲಿಮೀಟರ್. ಇದಕ್ಕೆ ಸಿ6 ಲಕೋಟೆ ಸರಿಯಾಗುತ್ತದೆ. ಒಂದು ಎ4 ಹಾಳೆಯಿಂದ ಎರಡು ಕಾರ್ಡ್. ಆದರೆ ಹಾಳೆಯನ್ನು ಎರಡು ರೀತಿ ಕತ್ತರಿಸಬಹುದು. ಎ4 ಅನ್ನು ನಡುವೆ ಅಡ್ಡ ಕತ್ತರಿಸಿ, ಸಿಕ್ಕ ಎ5 ತುಂಡನ್ನು ಮಡಚುವುದು ಒಂದು ರೀತಿ. ಉದ್ದಕ್ಕೆ ಸೀಳಿ, ನೀಳ ಪಟ್ಟಿಯನ್ನು ಮಡಚುವುದು ಇನ್ನೊಂದು. ಮಡಚಿದ ಮೇಲೆ ಎರಡರ ಅಳತೆಯೂ ಒಂದೇ. ಆದರೆ ಎಳೆ ಹಾಳೆಯ ಉದ್ದಕ್ಕೆ ಇದ್ದರೆ, ಮೊದಲ ರೀತಿಯಲ್ಲಿ ಮಡಿಕೆ ಎಳೆಯ ಗುಂಟ ಬರುತ್ತದೆ, ಎರಡನೆಯದರಲ್ಲಿ ಎಳೆಯನ್ನು ಮುರಿದುಕೊಂಡು ಬರುತ್ತದೆ. 300 ಜಿಎಸ್ಎಂ, ಅಂದರೆ ಚದರ ಮೀಟರ್‌ಗೆ 300 ಗ್ರಾಂ ತೂಗುವ ಬಣ್ಣದ ಕಾಗದ ಎಳೆಗೆ ಅಡ್ಡ ಮಡಚಿದರೆ ಬೆನ್ನಿನಲ್ಲಿ ಬಿರುಕು ಬಿಡುತ್ತದೆ. ಒಳಗೆ ಬಿಳಿ ಇರುವ ಕಾಗದವಾದರೆ ಆ ಬಿರುಕು ಗೆರೆ ಎಳೆದ ಹಾಗೆ ಕಾಣುತ್ತದೆ. ಎಳೆ ಅಗಲಕ್ಕೆ ಇರುವ ಹಾಳೆ ಸಿಕ್ಕಿದರೆ ಎರಡನೆಯ ರೀತಿಯೇ ಸರಿ. ಹಾಗಾಗಿ ಕಟರ್‌ಗೆ ಹಾಳೆ ಕೊಡುವ ಮೊದಲೇ ಬಾಣ ನೋಡಿ. ಮಡಚುವ ಮೊದಲು ಕ್ರೀಸ್, ಅಂದರೆ ಮಡಿಕೆಯ ಜಾಗದಲ್ಲಿ ಒತ್ತಿದ ಗೆರೆ, ಹಾಕುವುದನ್ನಂತೂ ಬಿಡಬೇಡಿ.

ಈಗ ಹಿಮದ ಹರಳು. ನೀರಿನ ಕಣಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲಿ ಕೂರುತ್ತವೆ, ಅದಕ್ಕೇ ಹರಳಿಗೆ ಆರು ತೋಳು. ಖಗೋಳಶಾಸ್ತ್ರಜ್ಞ ಕೆಪ್ಲರ್ 1611ರಲ್ಲೇ ಯಾಕೆ ಆರೇ ಅಂತ ತಲೆ ಕೆಡಿಸಿಕೊಂಡಿದ್ದ. ಮಾರುಕಟ್ಟೆಯಲ್ಲಿ ಎಂಟು ತೋಳಿನ ಡೈಗಳೂ ಸಿಗುತ್ತವೆ. ಅದು ನೋಡಲು ಚೆಂದವಿರಬಹುದು, ಆದರೆ ಹಿಮದಲ್ಲಿ ಬೆಳೆದವರಿಗೆ ಒಗ್ಗುವುದಿಲ್ಲ. ನಾನು ಎಣಿಸಿಯೇ ಕೊಳ್ಳುವುದು.

ಡೈ ಅನ್ನು ಕಾಗದದ ಮೇಲೆ ಹೇಗೆ ಇಡಬೇಕು ಅನ್ನುವುದರಲ್ಲೂ ಎಳೆಯ ಲೆಕ್ಕ ಇದೆ. ಹರಳಿನ ತೋಳು ಕೆಲವು ಕಡೆ ಒಂದು ಮಿಲಿಮೀಟರ್ ಅಷ್ಟೇ ಇರುತ್ತದೆ. ಎಳೆಯ ಗುಂಟ ಇರುವ ತೋಳು ಗಟ್ಟಿ, ಪೂರ್ತಿ ಅಡ್ಡ ಬಿದ್ದ ತೋಳು ಬಿಡಿಸುವಾಗಲೇ ಮುರಿಯುತ್ತದೆ. ಒಂದು ಜೋಡಿ ತೋಳನ್ನು ಎಳೆಯ ದಿಕ್ಕಿಗೆ ಸರಿಯಾಗಿ ಇಟ್ಟರೆ ಉಳಿದ ಎರಡು ಜೋಡಿ 60 ಡಿಗ್ರಿಯಲ್ಲಿ ಓರೆಯಾಗುತ್ತವೆ, ಯಾವುದೂ ಪೂರ್ತಿ ಅಡ್ಡ ಬೀಳುವುದಿಲ್ಲ. ಅದೇ ಡೈ 30 ಡಿಗ್ರಿ ತಿರುಗಿತೋ, ಒಂದು ಜೋಡಿ ನೇರ ಅಡ್ಡಕ್ಕೆ ಬಿತ್ತು. ಇಷ್ಟೊಂದು ಸೂಕ್ಷ್ಮ ಬೇಕಾ ಅಂತ ಅನಿಸಬಹುದು. ಒಂದೇ ಹಾಳೆಯಲ್ಲಿ ಎರಡೂ ರೀತಿ ಕತ್ತರಿಸಿ, ಬೆರಳ ತುದಿಯಲ್ಲಿ ತೋಳನ್ನು ಮುಟ್ಟಿ ನೋಡಿ. ಡೈ ಜರುಗದಂತೆ ಜಾಸ್ತಿ ಅಂಟದ ಕಾಗದದ ಟೇಪ್ ಒಂದು ಚೂರು ಹಚ್ಚಿ. ನಡುವೆ ಬಟರ್ ಪೇಪರ್ ಇಟ್ಟರೆ ಹರಳು ಡೈಯಿಂದ ಸುಲಭವಾಗಿ ಬಿಡುತ್ತದೆ. ಉಳಿದ ಚೂರುಗಳನ್ನು ಡೈ ಹಿಂದಿನ ತೂತುಗಳಿಂದ ಸೂಜಿಯಲ್ಲಿ ಚುಚ್ಚಿ ಹೊರಗೆ ತಳ್ಳಬೇಕು. ಪ್ಲೇಟನ್ನು ಆಗಾಗ ಮಗುಚಿ ಹಾಕುತ್ತಿರಿ, ಒಂದೇ ಮಗ್ಗುಲು ಬಳಸಿದರೆ ಅದೇ ಬಾಗಿಬಿಡುತ್ತದೆ.

ಕಾಗದ ತೇವ ಕುಡಿದಿದ್ದರೆ ಎಷ್ಟೇ ಒಳ್ಳೆಯ ಡೈ ಇದ್ದರೂ ಅಂಚು ಚೊಕ್ಕಟ ಬರುವುದಿಲ್ಲ, ನಾರು ಕತ್ತರಿಸುವ ಬದಲು ಎಳೆದ ಹಾಗಾಗುತ್ತದೆ. ಮಳೆಗಾಲದಲ್ಲಿ ನಮ್ಮ ಸ್ಟಾಕ್ ಗಟ್ಟಿ ಮುಚ್ಚಳದ ಡಬ್ಬಗಳಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇರುತ್ತದೆ. ಹಾಗಂತ ಡಬ್ಬದಿಂದ ತೆಗೆದ ಕೂಡಲೇ ಅಂಟಿಸಲು ಕೂರಬಾರದು. ಹಿಂದಿನ ಸಂಜೆಯೇ ಹಾಳೆ ತೆಗೆದು, ಕೆಲಸ ಮಾಡುವ ಕೋಣೆಯಲ್ಲೇ ಬಿಡಿಸಿಟ್ಟು, ಮೇಲೊಂದು ಹಲಗೆ ಹೇರಬೇಕು. ಕೋಣೆಯ ಗಾಳಿಗೆ ಕಾಗದ ಹೊಂದಿಕೊಂಡ ಮೇಲೆ ಮಾಡಿದ ಕೆಲಸ ಅಳತೆಯಲ್ಲಿ ನಿಲ್ಲುತ್ತದೆ.

ಅಂಟಿನ ವಿಷಯಕ್ಕೆ ಬಂದರೆ, ನೀರಿನ ಅಂಶ ಕಡಿಮೆ ಇದ್ದಷ್ಟು ಒಳ್ಳೆಯದು. ದೊಡ್ಡ ಪದರಕ್ಕೆ ಡಬಲ್ ಸೈಡ್ ಟೇಪ್. ಹರಳಿನಂಥ ಸಣ್ಣದಕ್ಕೆ ಬಿಳಿ ಅಂಟು, ಅದೂ ಸೂಜಿಮೊನೆಯಷ್ಟು. ಎತ್ತರ ಬೇಕಾದ ಕಡೆ ಫೋಮ್ ಟೇಪ್. ಮುಗಿದ ಕಾರ್ಡುಗಳನ್ನು ರಾತ್ರಿಯಿಡೀ ಭಾರದ ಕೆಳಗಿಡಿ. ಫೋಮ್ ಇರುವುದನ್ನು ಮಾತ್ರ ಬೇಡ.

ಒಳಗಿನ ಪುಟ ಖಾಲಿ ಬಿಡಿ ಅಂತ ನಾನು ಗ್ರಾಹಕರಿಗೆ ಒತ್ತಾಯ ಮಾಡಿಯೇ ಹೇಳುತ್ತೇನೆ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮೊದಲ ಬಾರಿಗೆ ಕ್ರಿಸ್‌ಮಸ್ ಕಾರ್ಡ್ ಅಚ್ಚು ಹಾಕಿಸಿದ್ದು, ಎಲ್ಲರಿಗೂ ಕಾಗದ ಬರೆಯಲು ಪುರುಸೊತ್ತಿಲ್ಲ ಅಂತ. ಈಗ ಕೈಕೆಲಸದ ಕಾರ್ಡಿಗೆ ದುಡ್ಡು ಕೊಡುವವರು ನಾಲ್ಕು ಸಾಲು ತಾವೇ ಬರೆದರೆ ಆ ಕಾರ್ಡಿಗೆ ಅರ್ಥ ಬರುತ್ತದೆ, ಅಲ್ವಾ? ಅದಕ್ಕೆ ಹೊಳಪಿಲ್ಲದ ಕಾಗದವನ್ನೇ ಆರಿಸಿ, ಪೆನ್ನಿನ ಶಾಯಿ ಹರಡುವುದಿಲ್ಲ, ಒರೆಸಿಹೋಗುವುದೂ ಇಲ್ಲ.

ಕೊನೆಗೆ ಅಂಚೆ. ಮಾಮೂಲಿ ಪತ್ರಕ್ಕೆ ಅಂಚೆಯ ಮೊದಲ ದರ 20 ಗ್ರಾಂವರೆಗೆ. 300 ಜಿಎಸ್ಎಂನ ಎ5 ತುಂಡು ಒಂದೇ 9 ಗ್ರಾಂ ಚಿಲ್ಲರೆ ಇರುತ್ತದೆ. ಲಕೋಟೆ, ಮೇಲಿನ ಪದರ ಸೇರಿಸಿದರೂ ಅಷ್ಟರೊಳಗೆ ಮುಗಿಸಬಹುದು. ಮೂರನೆಯ ಪದರ ಹಾಕುವ ಆಸೆಯಾದಾಗ ಒಮ್ಮೆ ತೂಕ ನೋಡಿ. ಉಬ್ಬಿದ ಭಾಗ ಲಕೋಟೆಯ ಬಲ ಮೇಲ್ಮೂಲೆಗೆ ಬರದಂತೆ ಇಡಿ, ಠಸ್ಸೆ ಬೀಳುವುದು ಅಲ್ಲೇ. ಹೊರದೇಶಕ್ಕೆ ಹೋಗುವವನ್ನು ನಾವು ನವೆಂಬರ್ ಮೊದಲ ವಾರದಲ್ಲೇ ಗ್ರಾಹಕರ ಕೈಗೆ ಕೊಟ್ಟುಬಿಡುತ್ತೇವೆ. ಹಾಗಾಗಿ ಆ ಆರ್ಡರ್‌ಗಳ ಕಾಗದಕ್ಕೆ ಬಾಣ ಹಾಕುವ ಕೆಲಸ ಮಳೆ ಇನ್ನೂ ಸುರಿಯುತ್ತಿರುವಾಗಲೇ ಶುರು.