ಅಮ್ಮ ತುಂಬಿಕೊಟ್ಟ ಕರಟ

2019ರ ಜನವರಿ 30. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಆ ದಿನ ಬೆಳಿಗ್ಗೆ ಮೈನಸ್ 28 ಫ್ಯಾರನ್‌ಹೀಟ್. ನಮ್ಮೂರಿನ ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೆ. ಶಾಲೆಗಳಿಗೆ ರಜೆ ಕೊಟ್ಟಿದ್ದರು. ಇಡೀ ಮಿನ್ನೆಸೋಟ ರಾಜ್ಯದಲ್ಲಿ ಆ ದಿನ ಟಪಾಲು ಹಂಚುವುದನ್ನೂ ನಿಲ್ಲಿಸಿದ್ದರು. ಬರಿಗೈಯಲ್ಲಿ ಹೊರಗೆ ನಿಂತರೆ ಹತ್ತೇ ನಿಮಿಷದಲ್ಲಿ ಚರ್ಮ ಹೆಪ್ಪುಗಟ್ಟುತ್ತೆ ಅಂತ ಟಿವಿಯಲ್ಲಿ ಹೇಳುತ್ತಲೇ ಇದ್ದರು.

ನನ್ನ ತೊಡೆ ಮೇಲೆ ಎರಡೂವರೆ ತಿಂಗಳ ಮಗ. ಅಮ್ಮ ನನ್ನ ಬಾಣಂತನಕ್ಕೆ ಅಂತ ತೀರ್ಥಹಳ್ಳಿ ಕಡೆಯ ನಮ್ಮೂರಿಂದ ಬಂದು ಮೂರು ತಿಂಗಳಾಗಿತ್ತು. ಎರಡು ಸ್ವೆಟರ್ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಹಿಂದಿನ ಗಾಜಿನ ಬಾಗಿಲ ಹತ್ತಿರ ನಿಂತಿದ್ದಳು.

"ಒಂದೂ ಬಂದಿಲ್ಲ ಕಣೇ. ರಾತ್ರಿ ಎಲ್ಲಿದ್ವೋ ಏನೋ."

ಅಮ್ಮ ಕೇಳುತ್ತಿದ್ದದ್ದು ಹಕ್ಕಿಗಳ ಬಗ್ಗೆ. ಊರಲ್ಲಿ ಅವಳು ಕಾಗೆಗೆ ಒಂದು ತುತ್ತು ಅನ್ನ ಇಡದೆ ಮಧ್ಯಾಹ್ನ ತಟ್ಟೆ ಮುಂದೆ ಕೂತವಳಲ್ಲ. ಬೇಸಿಗೆ ಬಂದರೆ ದಾಸವಾಳದ ಗಿಡಕ್ಕೆ ಕರಟ ಕಟ್ಟಿ ನೀರು ತುಂಬಿಸುತ್ತಿದ್ದಳು. ನಮ್ಮ ಕಡೆ ಹಕ್ಕಿಗಳಿಗೆ ಕಷ್ಟ ಅಂದರೆ ಏಪ್ರಿಲ್ ಬಿಸಿಲು. ಇಲ್ಲಿ ಜನವರಿ.

ಡಿಸೆಂಬರಿನಲ್ಲೊಂದು ದಿನ ಅಮ್ಮ ಯಾರಿಗೂ ಹೇಳದೆ ಡೆಕ್ಕಿನ ಕಟಕಟೆ ಮೇಲೆ ಅನ್ನ ಇಟ್ಟು ಬಂದಿದ್ದಳು. ಅರ್ಧ ಗಂಟೆಯಲ್ಲಿ ಅದು ಕಲ್ಲಾಗಿತ್ತು. ಒಂದೊಂದು ಅಗುಳೂ ಮರಕ್ಕೆ ಅಂಟಿಕೊಂಡು ಗಾಜಿನ ಮಣಿ ಥರ ಹೊಳೆಯುತ್ತಿತ್ತು. ಯಾವ ಹಕ್ಕಿಯೂ ಮುಟ್ಟಲಿಲ್ಲ. ಅಮ್ಮ ಮಾತಾಡಲಿಲ್ಲ, ಆದರೆ ಅವತ್ತು ಅವಳ ಊಟ ಸೇರಲಿಲ್ಲ ಅನ್ನೋದು ನನಗೆ ಗೊತ್ತಾಯಿತು. ಆ ವಾರವೇ ಇವರು ಹಕ್ಕಿಗಳಿಗೆ ಕಾಳು ತುಂಬಿಡುವ, ಉದ್ದ ಕೊಳವೆಯಂಥ ಒಂದು ಫೀಡರ್ ತಂದು ಅಡುಗೆಮನೆ ಕಿಟಕಿಗೆ ಎರಡೂವರೆ ಅಡಿ ದೂರದಲ್ಲಿ ನೇತುಹಾಕಿದರು. ಅಷ್ಟು ಹತ್ತಿರ ಇದ್ದರೆ ಹಕ್ಕಿಗಳು ಜೋರಾಗಿ ಹಾರಿ ಗಾಜಿಗೆ ಬಡಿದುಕೊಂಡು ಸಾಯುವುದು ಕಡಿಮೆ. ಜೊತೆಗೆ ಒಂಬತ್ತು ಕೆಜಿ ಕಪ್ಪು ಸೂರ್ಯಕಾಂತಿ ಬೀಜದ ಚೀಲ. ಸಿಪ್ಪೆ ತೆಳು, ಎಣ್ಣೆ ಜಾಸ್ತಿ, ಸಣ್ಣ ಕೊಕ್ಕಿಗೂ ಸುಲಭ.

ತುಂಬಾ ಚಳಿ ಇದ್ದಾಗ ಬೀಜದ ಜೊತೆ ಕೊಬ್ಬೂ ಬೇಕು. ಅಂಗಡಿಯಲ್ಲಿ ಅದರ ಬಿಲ್ಲೆಗಳು ಸಿಗುತ್ತವೆ. ಆದರೆ ಅದು ದನದ ಕೊಬ್ಬು. ಅಮ್ಮ ಇರುವ ಮನೆಯೊಳಗೆ ತರಲು ನನಗೆ ಮನಸ್ಸಾಗಲಿಲ್ಲ. ಕಡಲೆಕಾಯಿ ಬೆಣ್ಣೆಗೆ ಮೆಕ್ಕೆಜೋಳದ ಹಿಟ್ಟು ಕಲೆಸಿ ಇಟ್ಟರೂ ಆಗುತ್ತೆ ಅಂತ ಓದಿದ್ದೆ. ಅವತ್ತು ಬೆಳಿಗ್ಗೆ ಅದನ್ನು ಹೇಳಿದ್ದೇ ತಡ, ಅಮ್ಮ ಸಿಂಕಿನ ಕೆಳಗಿಂದ ಕರಟ ತೆಗೆದಳು. ಕಾಯಿ ತುರಿದ ಮೇಲೆ ಒಂದು ಕರಟವನ್ನೂ ಎಸೆದಿರಲಿಲ್ಲ ಅವಳು! ಉಪ್ಪಿಲ್ಲದ ಕಡಲೆಕಾಯಿ ಬೆಣ್ಣೆ ನಾಲ್ಕು ಚಮಚ, ಹಿಟ್ಟು ಒಂದು ಹಿಡಿ, ಮೇಲೆ ಬೀಜ. ತಂಬಿಟ್ಟಿಗೆ ನಾದುವ ಹಾಗೆ ಅಂಗೈಯಲ್ಲಿ ನಾದಿದಳು. ಕರಟಕ್ಕೆ ತುಂಬಿ ಹೆಬ್ಬೆರಳಲ್ಲಿ ಒತ್ತಿದಳು. ಇವರು ಡ್ರಿಲ್ಲಲ್ಲಿ ಮೂರು ತೂತು ಕೊರೆದು ಹುರಿ ಪೋಣಿಸಿದರು.

ಬಾಣಂತಿ ಬಾಗಿಲ ಹತ್ತಿರ ಸುಳಿಯುವ ಹಾಗಿರಲಿಲ್ಲ. ಆರು ವರ್ಷದ ಮಗಳು ಪುಟ್ಟಿಗೂ ಅವತ್ತು ಹೊರಗೆ ಹೋಗಲು ಬಿಡಲಿಲ್ಲ. ಇವರೊಬ್ಬರೇ ಹೋದರು. ಫೀಡರಿನ ಮುಚ್ಚಳ ಹಿಮಕ್ಕೆ ಕಚ್ಚಿಕೊಂಡಿತ್ತು. ದಪ್ಪ ಗ್ಲೌಸಲ್ಲಿ ಹಿಡಿತ ಸಿಗದೆ ಒಂದು ಗ್ಲೌಸ್ ಕಳಚಿದರು. ತಣ್ಣಗಿನ ಲೋಹಕ್ಕೆ ತೋರುಬೆರಳು ಅಂಟಿಕೊಂಡಿತು. ಬಿಡಿಸಿಕೊಂಡು, ಬೀಜ ತುಂಬಿ, ಕರಟ ಕಟ್ಟಿ ಒಳಗೆ ಬರುವಷ್ಟರಲ್ಲಿ ಹುಬ್ಬೆಲ್ಲ ಬಿಳಿ. ಅಮ್ಮ ಓಡಿ ಹೋಗಿ ಅಳಿಯನ ಕೈಯನ್ನು ತನ್ನ ಎರಡೂ ಅಂಗೈ ನಡುವೆ ಇಟ್ಟುಕೊಂಡಳು. "ಬಿಸಿನೀರಿಗೆ ಹಾಕಬೇಡಿ, ಸ್ವಲ್ಪ ತಡೀರಿ" ಅಂದಳು. ಅಳಿಯಂದಿರ ಎದುರು ನಿಂತು ಮಾತಾಡಲೂ ಸಂಕೋಚ ಪಡುತ್ತಿದ್ದ ಅಮ್ಮ.

ಆಮೇಲೆ ಕಾದೆವು. ಒಂಬತ್ತೂಕಾಲಿಗೆ ಒಂದು ಚಿಕಡೀ ಬಂತು. ಕಪ್ಪು ಟೋಪಿ, ಕಪ್ಪು ಗಲ್ಲ, ಬಿಳಿ ಕೆನ್ನೆ. ಗರಿ ಉಬ್ಬಿಸಿಕೊಂಡು ನಿಂಬೆಹಣ್ಣಿನ ಹಾಗೆ ದುಂಡಗಾಗಿತ್ತು. ತೂಕ ನೋಡಿದರೆ ಹತ್ತು ಹನ್ನೆರಡು ಗ್ರಾಂ ಅಷ್ಟೇ. ಒಂದೇ ಒಂದು ಬೀಜ ಕಚ್ಚಿಕೊಂಡು ಹಾರಿತು. ಎದುರಿನ ಕೊಂಬೆಯಲ್ಲಿ ಅದನ್ನು ಎರಡು ಕಾಲ ನಡುವೆ ಒತ್ತಿ ಹಿಡಿದು ಟಕ್ ಟಕ್ ಅಂತ ಕುಟ್ಟಿ ಒಡೆಯಿತು. ಮತ್ತೆ ಬಂತು. ಈ ಸಲ ಬೀಜವನ್ನು ತಿನ್ನದೆ ಮರದ ತೊಗಟೆ ಸಂದಿಯಲ್ಲಿ ಸಿಕ್ಕಿಸಿ ಹೋಯಿತು. ಮುಂದಕ್ಕೆ ಇರಲಿ ಅಂತ. ಹಾಗೆ ಬಚ್ಚಿಟ್ಟ ಜಾಗಗಳನ್ನು ಅವು ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತವೆ.

ರಾತ್ರಿ ಎಲ್ಲಿದ್ವು ಅನ್ನೋ ಅಮ್ಮನ ಪ್ರಶ್ನೆಗೆ ನನಗೆ ತಿಳಿದಷ್ಟು ಹೇಳಿದೆ. ಯಾವುದೋ ಮರದ ಪೊಟರೆಯಲ್ಲಿ ಕೂರುತ್ತವೆ. ಹಗಲಿಗಿಂತ ಹತ್ತು ಹನ್ನೆರಡು ಡಿಗ್ರಿಯಷ್ಟು ಮೈಬಿಸಿ ಇಳಿಸಿಕೊಳ್ಳುತ್ತವೆ. ಹಾಗೆ ಮಾಡಿದರೆ ಮೈಯಲ್ಲಿರುವ ಕೊಬ್ಬು ಬೆಳಗಿನ ತನಕ ಸಾಕಾಗುತ್ತೆ. ಬೆಳಕು ಹರಿದ ಮೇಲೆ ಮತ್ತೆ ಅಷ್ಟನ್ನೂ ತಿಂದು ತುಂಬಿಸಿಕೊಳ್ಳಬೇಕು. ಅಮ್ಮ ಕೇಳಿಸಿಕೊಂಡು ಸುಮ್ಮನೆ ಮಗುವಿನ ಕಾಲುಚೀಲ ಮೇಲಕ್ಕೆ ಎಳೆದಳು.

ನಾವು ಒಂದು ದಿನ ತುಂಬಿಸುವುದು ಮರೆತರೆ ಅವು ಸತ್ತೇಹೋಗುತ್ತವೆ ಅಂತ ಪುಟ್ಟಿಗೆ ಭಯ. ಹಾಗೇನಿಲ್ಲ. ಫೀಡರಿಗೆ ಬರುವ ಚಿಕಡೀಗಳೂ ಹೆಚ್ಚಿನ ಆಹಾರವನ್ನು ಕಾಡಲ್ಲೇ ಹುಡುಕಿಕೊಳ್ಳುತ್ತವೆ ಅಂತ ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಅಧ್ಯಯನ ಮಾಡಿದವರು ಕಂಡುಕೊಂಡಿದ್ದಾರೆ. ಆದರೆ ಚಳಿ ತೀರಾ ಕಡುವಾದಾಗ ಕಾಳು ಸಿಕ್ಕ ಹಕ್ಕಿಗಳೇ ಹೆಚ್ಚು ಉಳಿದವು ಅನ್ನೋದನ್ನೂ ಅವರೇ ತೋರಿಸಿಕೊಟ್ಟರು. ಇಂಥ ಒಂದು ದಿನಕ್ಕಾಗಿಯೇ ಆ ಚೀಲ ನಮ್ಮ ಮನೆಯಲ್ಲಿರಬೇಕು ಅನ್ನಿಸಿತು ನನಗೆ.

ಪುಟ್ಟಿಯದು ಲೆಕ್ಕ ಬರೆಯುವ ಕೆಲಸ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ಕೆನಡಾದವರ ಜೊತೆ ಸೇರಿ 1987ರಿಂದ ನಡೆಸುತ್ತಿರುವ ಫೀಡರ್‌ವಾಚ್‌ಗೆ ನಾವೂ ಸೇರಿದ್ದೆವು. ಚಳಿಗಾಲದಲ್ಲಿ ಮನೆಮನೆಯವರು ಎಣಿಸಿ ಕಳಿಸುವ ಲೆಕ್ಕ ಅದು.

"ಒಂದೇ ಹಕ್ಕಿ ಹತ್ತು ಸಲ ಬಂದ್ರೆ ಹತ್ತು ಅಂತ ಬರೀತೀಯಾ?" ಅಂತ ಅಜ್ಜಿ ಕೇಳಿದಳು.

"ಇಲ್ಲ ಅಜ್ಜಿ. ಒಟ್ಟಿಗೆ ಎಷ್ಟು ಕಾಣ್ತವೋ ಅಷ್ಟೇ ಬರೀಬೇಕು."

ಮಧ್ಯಾಹ್ನದ ಹೊತ್ತಿಗೆ ಚಿಕಡೀ ಐದು. ಕೆಳಗೆ ಚೆಲ್ಲಿದ್ದನ್ನು ಹೆಕ್ಕುವ ಜುಂಕೋ ಏಳು. ಕರಟಕ್ಕೆ ಒಂದು ಸಣ್ಣ ಮರಕುಟುಕ ಬಂದು ತಲೆಕೆಳಗಾಗಿ ಜೋತುಬಿದ್ದು ತಿಂದಾಗ ಅಮ್ಮ ಎರಡೂ ಕೈ ಎದೆಗೊತ್ತಿಕೊಂಡು ನೋಡಿದಳು. ಊಟಕ್ಕೆ ಕರೆದರೂ ಬರಲಿಲ್ಲ. ಅದು ತಿಂದು ಹೋದ ಮೇಲೆಯೇ ತಟ್ಟೆ ಹಾಕಿಕೊಂಡಳು.

ಐದು ಗಂಟೆಗೆ, ಇನ್ನೇನು ಕತ್ತಲಾಗುವ ಹೊತ್ತಲ್ಲಿ ಕಾರ್ಡಿನಲ್ ಜೋಡಿ ಬಂತು. ಗಂಡು ಮೈಯೆಲ್ಲ ಕುಂಕುಮದ ಬಣ್ಣ. ಸಂಜೆ ಕೊನೆಗೆ ಬರುವುದು ಅವೇ. ಹಿಮದ ಮೇಲೆ ಆ ಕೆಂಪು ಮಾಸುವ ತನಕ ನಾವು ದೀಪ ಹಾಕಲಿಲ್ಲ.

ರಾತ್ರಿ ಎಂಟೂವರೆಗೆ ಅಪ್ಪನಿಗೆ ಫೋನ್ ಮಾಡಿದೆವು. ಅಲ್ಲಿ ಬೆಳಿಗ್ಗೆ ಎಂಟು. ಅಮ್ಮನ ಮೊದಲ ಮಾತು, "ತಿಂಡಿ ಆಯ್ತಾ? ಕಾಗೆಗೆ ಹಾಕಿದ್ರಾ?"

"ದೋಸೆ ಚೂರು ಹಾಕ್ದೆ ಮಾರಾಯ್ತಿ. ಈಗ ಬೇಲಿ ಮೇಲೆ ಕೂತು ಕೂಗ್ತಾ ಇದೆ, ಕೇಳು."

ಅಪ್ಪ ಫೋನನ್ನು ಅಂಗಳದ ಕಡೆ ಹಿಡಿದಿರಬೇಕು. ಅಮ್ಮ ಕಣ್ಣು ಮುಚ್ಚಿಕೊಂಡು ಕೇಳಿದಳು. ಪಕ್ಕದಲ್ಲಿ ಪುಟ್ಟಿ ಕುಣಿಯುತ್ತಿದ್ದಳು. "ಅಜ್ಜಿ, ನಂಗೆ ಕೊಡು, ನಾನು ಅಜ್ಜಂಗೆ ಲೆಕ್ಕ ಹೇಳ್ಬೇಕು."