ಕೈ ಚಾಚಿದರೆ ಶಭಾಷ್

ನಮ್ಮ ಕೋನಗಳ ಆಟ ಸರಳ. ಮಗು ದೇಹದ ಚಲನೆ ಗುರುತಿಸುವ ಕ್ಯಾಮೆರಾ ಕಿನೆಕ್ಟ್ ಎದುರು ನಿಂತು ಕೈ ಮಡಚಬೇಕು. ಭುಜ, ಮೊಣಕೈ, ಮಣಿಕಟ್ಟು ಸೇರಿ 90 ಡಿಗ್ರಿ ಆದರೆ ಪರದೆಯ ಮೇಲೊಂದು ನಕ್ಷತ್ರ, ಜೊತೆಗೆ 'ಶಭಾಷ್'. ಮೈಕ್ರೋಸಾಫ್ಟ್ 2017ರಲ್ಲೇ ತಯಾರಿಕೆ ನಿಲ್ಲಿಸಿದ ಸಾಧನವನ್ನು ನಮ್ಮ ಕಂಪನಿಯವರು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಿ ತಂದಿದ್ದರು. ಅದೂ ಮೊದಲ ತಲೆಮಾರಿನದು; ಕೀಲುಗಳ ಸಮೇತ ಗುರುತಿಸುವುದು ಇಬ್ಬರನ್ನು ಮಾತ್ರ. ಸೇಲ್ಸ್‌ನವರು ಮಾತ್ರ 'ಇಡೀ ತರಗತಿ ಒಟ್ಟಿಗೆ ಆಡಬಹುದು' ಎಂದು ಹೇಳಿ ಬಂದಿದ್ದರು.

ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಡೆಮೊ. ಬಿಸಿಲಿನ ಅತಿಗೆಂಪು ಕಿರಣದ ಮುಂದೆ ಸೆನ್ಸರ್‌ನ ದೂರ ಅಳೆಯುವ ಬೆಳಕಿನ ಚುಕ್ಕಿಗಳು ನಿಲ್ಲುವುದಿಲ್ಲವೆಂದು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ. ಮೊದಲ ಹುಡುಗಿ ಬಂದಳು. ಕೈ ಸರಿಯಾಗಿ ಮಡಚಲಿಲ್ಲವೆಂದು ಟೀಚರ್ ಹತ್ತಿರ ಹೋಗಿ ಅವಳ ಮೊಣಕೈ ಹಿಡಿದು ಎತ್ತಿದರು. ಸೆನ್ಸರ್‌ಗೆ ಇಬ್ಬರೂ ಒಂದೇ ದೇಹ. ಪರದೆಯಲ್ಲಿ ಹುಡುಗಿಯ ಕೈ ಟೀಚರ್ ಹೆಗಲಿಗೆ ಹಾರಿತು. ಕೆಂಪು ದೀಪ, ಬಜರ್, ತರಗತಿಯಿಡೀ ನಗು.

"ಮೇಡಂ, ದಯವಿಟ್ಟು ಹಿಂದೆ ನಿಲ್ಲಿ" ಎಂದೆ. ಅವರು ಮಾತಾಡದೆ ಗೋಡೆಯ ಬಳಿ ಹೋಗಿ ನಿಂತರು. ಆಟ ಸರಾಗವಾಯಿತು ಎಂದುಕೊಂಡೆ.

ಆಮೇಲೆ ಬಂದ ಹುಡುಗ ಕೈ ಮಡಚಲೇ ಇಲ್ಲ. ಪರದೆಯ ಕಡೆಗೆ ನೇರ ಚಾಚಿ ಸ್ವಲ್ಪ ಅಲುಗಾಡಿಸಿದ. ಅಂಗೈಯ ಹಿಂದೆ ಮೊಣಕೈ ಮರೆಯಾಯಿತು. ಕಾಣದ ಕೀಲನ್ನು ಸಾಧನ ಊಹಿಸುತ್ತದೆ, 'ಇದು ಊಹೆ' ಎಂದು ಗುರುತನ್ನೂ ಹಾಕಿಕೊಡುತ್ತದೆ. ನಮ್ಮ ಕೋಡ್ ಆ ಗುರುತನ್ನು ನೋಡುತ್ತಲೇ ಇರಲಿಲ್ಲ. ಅಂಕಿ 40, 130, 75 ಎಂದು ಕುಣಿದು ಒಂದು ಕ್ಷಣ 90ಕ್ಕೆ ತಾಗಿತು. ಶಭಾಷ್! ಮುಂದಿನವಳೂ ಕೈ ಚಾಚಿದಳು. ಅವಳ ಹಿಂದಿನವನೂ. ನಾನು ಲ್ಯಾಪ್‌ಟಾಪ್ ಮರೆಯಲ್ಲಿ ಅಂಕಿಯ ಕುಣಿತ ತಗ್ಗಿಸುವ ಸ್ಮೂದಿಂಗ್ ಬೆಲೆಗಳನ್ನು ಏರಿಸುತ್ತಾ, ಇಳಿಸುತ್ತಾ ಕೂತಿದ್ದೆ. ಸಾಲಿನಲ್ಲಿದ್ದವರೆಲ್ಲ ಆಗಲೇ ಕೈ ಚಾಚಿ ಅಭ್ಯಾಸ ಶುರು ಮಾಡಿದ್ದರು.

ಟೀಚರ್ ಗೋಡೆಯ ಬಳಿಯಿಂದಲೇ ಕೇಳಿದರು: "ಇವರು ಕಲಿತದ್ದು ಲಂಬಕೋನವೋ, ನಿಮ್ಮ ಯಂತ್ರವನ್ನು ಏಮಾರಿಸುವುದೋ?"

ಕಚೇರಿಯಲ್ಲಿ ಫಲಿತಾಂಶದ ಡ್ಯಾಶ್‌ಬೋರ್ಡ್ ತುಂಬ ಹಸಿರು. ಅದರ ಸ್ಕ್ರೀನ್‌ಶಾಟ್ ಸಂಜೆಯೇ ಗ್ರಾಹಕರಿಗೆ ಹೋಯಿತು. ಊಹೆಯ ಕೀಲು ಬಂದ ಫ್ರೇಮ್‌ಗಳನ್ನು ಕೈಬಿಡಬೇಕು, ಕೋನವನ್ನು ಎರಡು ಸೆಕೆಂಡ್ ಹಿಡಿದಿಟ್ಟರೆ ಮಾತ್ರ ನಕ್ಷತ್ರ ಕೊಡಬೇಕು ಎಂದು ಹಟ ಹಿಡಿದು ಮಾಡಿಸಿದೆ. ಟೀಚರ್ ಮಗುವಿನ ಕೈ ಮುಟ್ಟಿದಾಗ ಆಟ ತಾನಾಗಿ ನಿಂತು ಕಾಯಬೇಕು ಎಂಬ ಇನ್ನೊಂದು ಟಿಕೆಟ್ (ಕೆಲಸದ ಕೋರಿಕೆ) ಹಾಗೇ ಬಿದ್ದಿದೆ. ಅದರ ಬದಲು ಮ್ಯಾನೇಜರ್ ಸೇರಿಸಿದ್ದು ಒಂದು ಧ್ವನಿಸಂದೇಶ: 'ಶಿಕ್ಷಕರು ದಯವಿಟ್ಟು ದೂರ ನಿಲ್ಲಿ.'