ಬಾಲದ ಪೆಟ್ಟಿಗೆ: ಇಂಗ್ಲಿಷ್ ಅಲಂಕಾರದ ಕಾರ್ಡುಗಳು, ಒಂಬತ್ತನೇ ಶನಿವಾರದವರೆಗೆ

ನಮ್ಮೂರು ಶಿರಾ ಕಡೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಆರರಿಂದ ಎಂಟನೇ ತರಗತಿಯ ಒಂದಷ್ಟು ಮಕ್ಕಳು ಪಂಚಾಯ್ತಿ ಲೈಬ್ರರಿಗೆ ಬರುತ್ತಾರೆ. ಒಂದೂವರೆ ಗಂಟೆ ಇಂಗ್ಲಿಷ್ ಓದುತ್ತೇವೆ. ಪಾಠ ಓದುತ್ತಾರೆ, ಪದಗಳ ಅರ್ಥವನ್ನೂ ಹೇಳುತ್ತಾರೆ. ಪದ್ಯ ಬಂದರೆ, ಇಲ್ಲವೇ ಕಥೆಯ ನಡುವೆ ಒಂದು ಇಡಿಯಮ್, ಅಂದರೆ ನುಡಿಗಟ್ಟು, ಬಂದರೆ, ಅಲ್ಲೇ ನಿಂತುಬಿಡುತ್ತಾರೆ. ಪ್ರತಿ ಪದವೂ ಗೊತ್ತು, ವಾಕ್ಯ ಮಾತ್ರ ಕೈಗೆ ಸಿಗುವುದಿಲ್ಲ.

ಅದಕ್ಕೇ ಜೂನ್‌ನಲ್ಲಿ ಈ ಕಾರ್ಡುಗಳನ್ನು ಮಾಡಲು ಕೂತೆ. ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆಯುತ್ತೇನೆ. ಗಟ್ಟಿ ಕಾಗದ, ಮಕ್ಕಳ ಕೈಯಲ್ಲಿ ಬೇಗ ಹರಿಯುವುದಿಲ್ಲ. ಇಡಲು ಒಂದು ಸ್ವೀಟ್ ಡಬ್ಬಿ.

ಮೊದಲ ಎರಡು ಶನಿವಾರ

ಈ ಎರಡು ವಾರದ ಕಾರ್ಡುಗಳನ್ನು ಆಮೇಲೆ ಎಸೆದೆ. ‘ಲೈಕ್ ಅಥವಾ ಆಸ್ ಇದ್ದರೆ ಸಿಮಿಲಿ’ ಅಂತ ಬರೆದುಕೊಟ್ಟಿದ್ದೆ. ಸಿಮಿಲಿ ಅಂದರೆ ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹೇಳುವ ಅಲಂಕಾರ. ಮಕ್ಕಳು ಅದನ್ನೇ ಅಚ್ಚುಕಟ್ಟಾಗಿ ಪಾಲಿಸಿದರು. ‘ಐ ಲೈಕ್ ಮ್ಯಾಂಗೋಸ್’ ಅನ್ನುವುದಕ್ಕೂ ಸುತ್ತು ಹಾಕಿದರು. ‘ಆಸ್ ಐ ವಾಸ್ ಗೋಯಿಂಗ್ ಟು ಸ್ಕೂಲ್’ ಅನ್ನುವುದಕ್ಕೂ ಹಾಕಿದರು. ಅವರದು ತಪ್ಪಲ್ಲ, ನಾನು ಕೊಟ್ಟ ಸೂತ್ರವೇ ಅಂಥದ್ದು.

ಮೂರನೇ ಶನಿವಾರ

‘ಶೀ ಲುಕ್ಸ್ ಲೈಕ್ ಹರ್ ಮದರ್’ ಸಿಮಿಲಿ ಹೌದೋ ಅಲ್ಲವೋ? ಅರ್ಧ ಗಂಟೆ ಚರ್ಚೆ ಆಯಿತು. ಹೋಲಿಕೆ ಇದೆ, ಲೈಕ್ ಕೂಡ ಇದೆ. ಆದರೂ ಏನೋ ಸರಿ ಕಾಣುತ್ತಿರಲಿಲ್ಲ.

ದಾರಿ ಸಿಕ್ಕಿದ್ದು ಕನ್ನಡ ವ್ಯಾಕರಣದಲ್ಲಿ. ಹೈಸ್ಕೂಲಿನಲ್ಲಿ ಓದಿದ ಉಪಮಾಲಂಕಾರ ನೆನಪಿದೆಯಲ್ವಾ? ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ. ಯಾವುದನ್ನು ಹೋಲಿಸುತ್ತಿದ್ದೇವೆ, ಯಾವುದಕ್ಕೆ ಹೋಲಿಸುತ್ತಿದ್ದೇವೆ, ಜೋಡಿಸುವ ಪದ ಯಾವುದು, ಎರಡರಲ್ಲೂ ಇರುವ ಗುಣ ಯಾವುದು. ಲೈಕ್, ಆಸ್ ಇವು ಮೂರನೆಯದು ಮಾತ್ರ. ನಾನು ಅದೊಂದನ್ನೇ ಹಿಡಿದುಕೊಂಡಿದ್ದೆ. ಜೀವ ಇರುವುದು ನಾಲ್ಕನೆಯದರಲ್ಲಿ.

ಹೊಸ ಕಾರ್ಡಿನಲ್ಲಿ ನಾಲ್ಕು ಚೌಕ ಬರೆದೆ. ‘ಹಿ ರನ್ಸ್ ಲೈಕ್ ಅ ಚೀತಾ’ ಕೊಟ್ಟೆ. ಅವನು, ಚೀತಾ, ಲೈಕ್, ವೇಗ. ಚೌಕಗಳು ಸಲೀಸಾಗಿ ತುಂಬಿದವು. ಏಳನೇ ತರಗತಿಯ ಒಬ್ಬ ಹುಡುಗ ಕಾರ್ಡನ್ನೇ ನೋಡುತ್ತಾ ಕೇಳಿದ: ‘ಹಂಗಾದ್ರೆ ಚೀತಾದ ಬಾಲ ಲೆಕ್ಕಕ್ಕಿಲ್ಲ ಅಲ್ವಾ ಅಕ್ಕಾ?’

ಎಷ್ಟು ಒಳ್ಳೆ ಪ್ರಶ್ನೆ! ಹುಡುಗ ಮತ್ತು ಚೀತಾ ಬೇರೆ ಬೇರೆ ಜಾತಿಯ ವಸ್ತುಗಳು, ಒಂದೇ ಒಂದು ಕಡೆ ಸೇರುತ್ತವೆ. ಬಾಲ, ಚುಕ್ಕೆ, ಉಗುರು ಎಲ್ಲವನ್ನೂ ಬಿಟ್ಟು ವೇಗವನ್ನು ಮಾತ್ರ ಎತ್ತಿಕೊಳ್ಳಬೇಕು. ಅಮ್ಮ ಮತ್ತು ಮಗಳು ಹಾಗಲ್ಲ. ಇಬ್ಬರೂ ಮನುಷ್ಯರು, ಮೂಗು ಕಣ್ಣು ನಿಜವಾಗಿಯೇ ಒಂದೇ ಥರ ಇವೆ, ಬಿಡುವಂಥ ಬಾಲ ಇಲ್ಲ. ಅಲ್ಲಿಗೆ ಮಕ್ಕಳ ಜಗಳ ತೀರಿತು. ಅವತ್ತಿನಿಂದ ಪ್ರತಿ ಕಾರ್ಡಿನಲ್ಲೂ ಐದನೇ ಚೌಕ ಇದೆ, ಅದರ ಹೆಸರು ‘ಬಾಲ’. ಬಿಡಬೇಕಾದದ್ದನ್ನೆಲ್ಲ ಅದರೊಳಗೆ ಬರೆಯಬೇಕು.

ನಾಲ್ಕು, ಐದು

ಮೆಟಾಫರ್‌ಗೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಮೂರನೇ ಚೌಕಕ್ಕೆ ಅಡ್ಡಗೆರೆ ಎಳೆದರೆ ಆಯಿತು. ‘ದ ಕ್ಲಾಸ್‌ರೂಮ್ ವಾಸ್ ಅ ಝೂ.’ ಲೈಕ್ ಇಲ್ಲ, ಬಾಲ ಮಾತ್ರ ಹಾಗೇ ಇದೆ. ನಮ್ಮ ರೂಪಕವೂ ಇದೇ.

ಗೂಬೆ ಮಾತ್ರ ಕಾಡಿತು. ‘ಆಸ್ ವೈಸ್ ಆಸ್ ಆನ್ ಔಲ್’ ಕಾರ್ಡಿನಲ್ಲಿ ಸಮಾನಧರ್ಮದ ಚೌಕಕ್ಕೆ ಎಲ್ಲರೂ ‘ಅಪಶಕುನ’ ಅಂತಲೇ ಬರೆದರು. ನಮ್ಮಲ್ಲಿ ಗೂಬೆ ಅಂದರೆ ಬೈಗುಳ, ಯಾರದೋ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುವುದು ‘ಗೂಬೆ ಕೂರಿಸುವುದು’. ಹಳೆಯ ಗ್ರೀಸಿನಲ್ಲಿ ಅದೇ ಗೂಬೆ ಜ್ಞಾನದ ದೇವತೆ ಅಥೀನಾಳ ಹಕ್ಕಿ, ಅಥೆನ್ಸಿನ ಬೆಳ್ಳಿ ನಾಣ್ಯದ ಮೇಲೂ ಅದರ ಚಿತ್ರ ಇತ್ತು. ನಾಣ್ಯದ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ದೊಡ್ಡ ದುಂಡು ಕಣ್ಣು ನೋಡಿ, ‘ಪಾಪ, ಚೆನ್ನಾಗೇ ಐತೆ’ ಅಂದಳು ಒಬ್ಬ ಹುಡುಗಿ.

ಆರರಿಂದ ಎಂಟು: ಇಡಿಯಮ್

ಇಡಿಯಮ್‌ಗೆ ಚೌಕ ಕೆಲಸಕ್ಕೆ ಬರುವುದಿಲ್ಲ. ‘ಬಟರ್‌ಫ್ಲೈಸ್ ಇನ್ ಮೈ ಸ್ಟಮಕ್’ ಓದಿದ ಆರನೇ ತರಗತಿಯ ಹುಡುಗಿ, ಜಂತುಹುಳದ ಮಾತ್ರೆ ತಗೋಬೇಕು ಅಂದಳು. ಅವಳ ಪಾಲಿಗೆ ಅದು ಸರಿಯಾದ ಉತ್ತರವೇ, ಶಾಲೆಯಲ್ಲಿ ಆ ಮಾತ್ರೆ ಕೊಡುತ್ತಾರಲ್ಲ. ಭಾಷಣಕ್ಕೆ ಸ್ಟೇಜ್ ಹತ್ತುವಾಗ ನಿನಗೆ ಏನಾಗುತ್ತದೆ ಅಂತ ಕೇಳಿದೆ. ‘ಎದೆ ಡವಡವ ಅಂತೈತೆ.’ ಅದನ್ನೇ ಕಾರ್ಡಿನ ಹಿಂದೆ ಬರೆಸಿದೆ.

ಈಗ ಇಡಿಯಮ್ ಕಾರ್ಡುಗಳು ಮೂರು ಗುಂಪಾಗಿವೆ. ಚಿತ್ರವೂ ಒಂದೇ, ಅರ್ಥವೂ ಒಂದೇ ಆದವು: ಮೊಸಳೆ ಕಣ್ಣೀರು, ಬೆಣ್ಣೆ ಹಚ್ಚುವುದು. ಚಿತ್ರ ಬೇರೆ, ಅರ್ಥ ಒಂದೇ: ಅವರ ಮಳೆಯಲ್ಲಿ ನಾಯಿ ಬೆಕ್ಕು ಬೀಳುತ್ತವೆ, ನಮ್ಮ ಮಳೆಗೆ ಆಕಾಶವೇ ತೂತಾಗುತ್ತದೆ. ಮೂರನೆಯ ಗುಂಪಿಗೆ ಕೆಂಪು ಪಟ್ಟಿ ಅಂಟಿಸಿದ್ದೇನೆ. ಚಿತ್ರ ಒಂದೇ, ಅರ್ಥ ಬೇರೆ. ‘ಪುಲಿಂಗ್ ಯುವರ್ ಲೆಗ್’ ಬರೀ ತಮಾಷೆ. ನಮ್ಮ ಕಾಲೆಳೆಯುವುದರಲ್ಲಿ ತಮಾಷೆಯೂ ಇದೆ, ಮೇಲೆ ಬರುವವರನ್ನು ಕೆಳಕ್ಕೆ ಬೀಳಿಸುವುದೂ ಇದೆ.

ಈ ಗುಂಪು ಹುಟ್ಟಿದ್ದು ಒಂದು ನೋಟ್‌ಬುಕ್ಕಿನಿಂದ. ಪರ್ಸಾನಿಫಿಕೇಷನ್‌ಗೆ ಸ್ವಂತ ವಾಕ್ಯ ಬರೆಯಿರಿ ಅಂದಿದ್ದೆ, ಜೀವವಿಲ್ಲದ್ದು ಮನುಷ್ಯರ ಹಾಗೆ ನಡೆದುಕೊಳ್ಳುವ ವಾಕ್ಯ. ಎಂಟನೇ ತರಗತಿಯ ಹುಡುಗ ಬರೆದಿದ್ದ: ‘ದ ರೇನ್ ಗೇವ್ ಅಸ್ ಅ ಹ್ಯಾಂಡ್.’ ಮಳೆ ನೆರವಾಯಿತು, ಚೆಂದ ಇದೆ ಅಂತ ರೈಟ್ ಹಾಕಿಬಿಟ್ಟೆ. ಕೆಳಗಿನ ಸಾಲು ಆಮೇಲೆ ಓದಿದೆ. ಅಪ್ಪನ ಕಡಲೆಕಾಯಿ ಒಣಗಿಹೋಯಿತು ಅಂತಿತ್ತು. ಅವನು ಹೇಳಹೊರಟಿದ್ದು ‘ಮಳೆ ಕೈ ಕೊಟ್ಟಿತು’ ಅಂತ. ಇಂಗ್ಲಿಷಿನಲ್ಲಿ ಕೈ ಕೊಟ್ಟರೆ ಸಹಾಯ, ಕನ್ನಡದಲ್ಲಿ ಕೈ ಕೊಟ್ಟರೆ ಮೋಸ.

ಆ ಪುಟ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಮಳೆಗೆ ಕೈ ಇದೆ, ಅದು ನಂಬಿದವರನ್ನು ನಡುನೀರಿನಲ್ಲಿ ಬಿಡುತ್ತದೆ ಅನ್ನುವುದು ಅವನ ಮನೆಯ ದಿನದ ಮಾತು. ಪರ್ಸಾನಿಫಿಕೇಷನ್ ಅವನಿಗೆ ಮೊದಲೇ ಬರುತ್ತಿತ್ತು. ಹಾಕಿದ ರೈಟ್ ಹಾಗೇ ಬಿಟ್ಟೆ. ಇಬ್ಬರೂ ಕೂತು ಇನ್ನೊಂದು ಸಾಲು ಹುಡುಕಿದೆವು: ‘ದ ರೇನ್ ಬ್ರೋಕ್ ಇಟ್ಸ್ ಪ್ರಾಮಿಸ್.’ ಎರಡೂ ಸಾಲನ್ನು ಅವನೇ ಕಾರ್ಡಿಗೆ ಬರೆದು ಕೆಂಪು ಪಟ್ಟಿ ಅಂಟಿಸಿದ.

ಒಂಬತ್ತನೇ ಶನಿವಾರ

ಡಬ್ಬಿಯಲ್ಲಿ ಈಗ 64 ಕಾರ್ಡು ಇವೆ. ಹೈಪರ್ಬೋಲಿ, ಅಂದರೆ ಅತಿಶಯೋಕ್ತಿ, ಇನ್ನೂ ಶುರುವಾಗಿಲ್ಲ, ಮುಂದಿನ ವಾರ. ‘ಆಸ್ ವೈಟ್ ಆಸ್ ಸ್ನೋ’ ಕಾರ್ಡು ಯಾರಿಗೂ ಹಿಡಿಸಲಿಲ್ಲ. ಹಿಮವನ್ನು ಯಾರೂ ಕಣ್ಣಾರೆ ನೋಡಿಲ್ಲ. ನಿಮಗೆ ಗೊತ್ತಿರುವ ಬಿಳಿ ತನ್ನಿ ಅಂದೆ. ಹಾಲು, ಮಲ್ಲಿಗೆ, ಕೊಕ್ಕರೆ ಅಂದರು. ಆರನೇ ತರಗತಿಯ ಆ ಹುಡುಗಿ ಲೈಬ್ರರಿ ಹಿಂದಿನ ಬೇಲಿಯಿಂದ ತುಂಬೆ ಹೂವನ್ನೇ ಕಿತ್ತು ತಂದು ಕಾರ್ಡಿಗೆ ಅಂಟಿಸಿದಳು. ಬಾಲದ ಚೌಕದಲ್ಲಿ ‘ಇರುವೆ’ ಅಂತ ಬರೆದಿದ್ದಾಳೆ. ಹೂವಿನ ಜೊತೆ ಒಂದು ಇರುವೆಯೂ ಬಂದಿತ್ತು.